ಕಾರ್ಡ್ ಯಾವುದೆಂಬುದು ಆಮೇಲಿನ ಮಾತು, ಬಟನ್ ಯಾವುದು ಒತ್ತುತ್ತೀರಿ?

ಮುಂದಿನ ತಿಂಗಳು ಪುಣೆಯಿಂದ ಯುರೋಪಿಗೆ ಹೊರಟಿರುವ ನೀವು ಮಾರ್ಕಪ್, ಅಂದರೆ ವಿದೇಶಿ ಖರ್ಚಿನ ಮೇಲೆ ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ, ಇಲ್ಲದ ಕ್ರೆಡಿಟ್ ಕಾರ್ಡ್ ಯಾವುದೆಂದು ಕೇಳಿ, ಕೊನೆಯಲ್ಲಿ "ಅಲ್ಲಿಯೂ ರೂಪಾಯಿಯಲ್ಲೇ ಬಿಲ್ ಮಾಡಿಸಿಕೊಂಡರೆ ಲೆಕ್ಕ ಸುಲಭವಲ್ಲವೇ" ಎಂದು ಸೇರಿಸಿದ್ದೀರಿ. ಆ ಕೊನೆಯ ಸಾಲನ್ನು ಓದಿದೊಡನೆ, 2023ರ ಮೇ ತಿಂಗಳ ಕೊನೆಯ ವಾರದಲ್ಲಿ ವಿಯೆನ್ನಾದ ಹೋಟೆಲೊಂದರ ಕೌಂಟರಿನಲ್ಲಿ, ರೂಪಾಯಿಯೋ ಯುರೋವೋ ಎಂದು ಕೇಳುವ ಸ್ವೈಪ್ ಮೆಷಿನ್ನಿನ ಮುಂದೆ ಬೆರಳೆತ್ತಿ ನಿಂತಿದ್ದ ನಾನೇ ನನ್ನ ಕಣ್ಣಿಗೆ ಕಟ್ಟಿದೆ.

ಮುಂಬಯಿಯ ಮಾಟುಂಗಾದಲ್ಲಿ ನಮ್ಮ ತಂದೆಯವರು ಆರಂಭಿಸಿದ ಸಣ್ಣದೊಂದು ಉಡುಪಿ ಹೋಟೆಲಿನ ಗಲ್ಲೆಯ ಮೇಲೆ ನಾನು ಇಪ್ಪತ್ತೆರಡು ವರ್ಷಗಳಿಂದ ಕೂರುತ್ತಿದ್ದೇನೆ. ಸ್ವೈಪ್ ಮೆಷಿನ್ನನ್ನು ಗಿರಾಕಿಯ ಕಡೆಗೆ ತಿರುಗಿಸುವುದೇ ನನ್ನ ಕೆಲಸವಾದ್ದರಿಂದ, ಅಂಥ ಮೆಷಿನ್ನಿನ ಮುಂದೆ ನಾನೇ ಬೇಸ್ತು ಬೀಳಬಹುದು ಎಂಬ ಸಂಶಯ ನನಗೆ ಬಂದಿರಲಿಲ್ಲ. ಅಲ್ಲದೆ ಹೊರಡುವ ಮುನ್ನ ನಾನು ಮಾಡಿದ ತಯಾರಿಯೇನು ಕಡಿಮೆಯಿರಲಿಲ್ಲ. ನನ್ನ ಹಳೆಯ ಕಾರ್ಡಿಗೆ ವಿದೇಶಿ ಖರ್ಚಿನ ಮೇಲೆ ಶೇ 3.5 ಮಾರ್ಕಪ್ ಇತ್ತು. ಆ ಮಾರ್ಕಪ್ಪಿನ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ ಒಟ್ಟು ಶೇ 4.13 ಆಗುತ್ತದೆ. ಅದನ್ನು ಉಳಿಸಲೆಂದೇ ಶೇ 2 ಮಾರ್ಕಪ್ಪಿನ, ಅಂದರೆ ಜಿಎಸ್‌ಟಿ ಸೇರಿ ಶೇ 2.36 ಬೀಳುವ, ಹೊಸ ಕಾರ್ಡೊಂದನ್ನು ವಾರ್ಷಿಕ ಶುಲ್ಕ ತೆತ್ತು ತರಿಸಿಕೊಂಡೆ. ಸರಿಯಾಗಿ ಅದೇ ದಿನಗಳಲ್ಲಿ, ಮೇ 16ರಂದು, ವಿದೇಶದಲ್ಲಿ ಮಾಡುವ ಕ್ರೆಡಿಟ್ ಕಾರ್ಡ್ ಖರ್ಚನ್ನೂ ಒಬ್ಬರು ವಿದೇಶಕ್ಕೆ ಕಳುಹಿಸಬಹುದಾದ ಹಣಕ್ಕೆ ರಿಸರ್ವ್ ಬ್ಯಾಂಕ್ ಹಾಕಿರುವ ವಾರ್ಷಿಕ ಎರಡೂವರೆ ಲಕ್ಷ ಡಾಲರ್ ಮಿತಿಯೊಳಗೆ ತರುವ ಅಧಿಸೂಚನೆ ಹೊರಬಿದ್ದು, ಜುಲೈಯಿಂದ ಶೇ 20 ಟಿಸಿಎಸ್ (ಬ್ಯಾಂಕೇ ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಬೀಳಲಿದೆಯೆಂದು ಪತ್ರಿಕೆಗಳೆಲ್ಲ ಗದ್ದಲವೆಬ್ಬಿಸಿದ್ದವು. ನಾನು ಗಲ್ಲೆಯಲ್ಲಿ ಕುಳಿತು ಅದನ್ನೇ ಓದಿ ಓದಿ ತಲೆ ಕೆಡಿಸಿಕೊಂಡೆ. ಜೂನ್ 28ರಂದು ಸರಕಾರವೇ ಕ್ರೆಡಿಟ್ ಕಾರ್ಡಿನ ಮಟ್ಟಿಗೆ ಅದನ್ನು ಮುಂದೂಡಿತು. ಶೇ ಇಪ್ಪತ್ತರ ಚಿಂತೆಯಲ್ಲಿ ಮುಳುಗಿದ್ದವನ ಜೇಬಿನಿಂದ ಶೇ ಆರು ಸದ್ದಿಲ್ಲದೆ ಜಾರಿಹೋದದ್ದು ಹೇಗೆಂದು ಕೇಳಿ.

ನಾಲ್ಕು ರಾತ್ರಿಯ ಬಿಲ್ 820 ಯುರೋ ಆಗಿತ್ತು. ಕೌಂಟರಿನ ಹುಡುಗಿ ಕಾರ್ಡನ್ನು ಮೆಷಿನ್ನಿಗೆ ತೂರಿಸಿ, ಥೇಟ್ ನಾನು ತಿರುಗಿಸುವ ಹಾಗೆಯೇ ಅದನ್ನು ನನ್ನ ಕಡೆಗೆ ತಿರುಗಿಸಿದಳು. ಪರದೆಯ ಮೇಲೆ ಎರಡು ಸಾಲುಗಳಿದ್ದವು: ಮೇಲೆ ದಪ್ಪ ಅಕ್ಷರದಲ್ಲಿ 77,326 ರೂಪಾಯಿ, ಕೆಳಗೆ 820 ಯುರೋ. ಎರಡರ ಅಡಿಯಲ್ಲಿ, ಕನ್ನಡಕ ತೆಗೆದು ಹಾಕಿ ನೋಡಬೇಕಾದಷ್ಟು ಸಣ್ಣದಾಗಿ, ಒಂದು ಯುರೋಗೆ 94.30 ಎಂದು ಬರೆದಿತ್ತು. ನಾನು ಮೇಲಿನ ಸಾಲನ್ನು ಒತ್ತಿದೆ.

ಏಕೆ ಒತ್ತಿದೆ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನೀವೂ ಅದೇ ಕಾರಣಗಳಿಗಾಗಿ ಒತ್ತಲು ಹೊರಟಿದ್ದೀರಿ. ಐದು ದಿನಗಳಿಂದ ಕಾಫಿ, ನೀರಿನ ಬಾಟಲಿ, ಟ್ರಾಮ್ ಟಿಕೆಟ್ ಎಲ್ಲವನ್ನೂ ಮನಸ್ಸಿನಲ್ಲೇ ಎಂಬತ್ತೊಂಬತ್ತರಿಂದ ಗುಣಿಸಿ ದಣಿದಿದ್ದವನಿಗೆ, ಕಿಕ್ಕಿರಿದ ಲೋಕಲ್ ರೈಲಿನಲ್ಲಿ ಯಾರೋ ಕನ್ನಡ ಮಾತನಾಡಿದ್ದು ಕಿವಿಗೆ ಬಿದ್ದಾಗ ಆಗುವಂಥ ಸಮಾಧಾನ ಆ ರೂಪಾಯಿಯ ಸಾಲನ್ನು ಕಂಡು ಆಯಿತು. ಬಿಲ್ಲಿನ ಮೊತ್ತ, ಬ್ಯಾಂಕಿನ ಎಸ್ಸೆಮ್ಮೆಸ್ಸು, ತಿಂಗಳ ಸ್ಟೇಟ್‌ಮೆಂಟ್ ಮೂರೂ ತಾಳೆಯಾಗುತ್ತವೆ ಎಂಬ ಗಲ್ಲೆಯವನ ಬುದ್ಧಿಯೂ ಕೆಲಸ ಮಾಡಿತು. ಆದರೆ ನನ್ನನ್ನು ನಿಜವಾಗಿ ಕೆಡಿಸಿದ್ದು ಮೂರನೆಯ ಯೋಚನೆ, ಅದೂ ಜಾಣತನದ ವೇಷದಲ್ಲಿ ಬಂದದ್ದು: ಬಿಲ್ಲೇ ರೂಪಾಯಿಯಲ್ಲಿದ್ದರೆ ಪರಿವರ್ತನೆಯೆಲ್ಲಿ ಬಂತು, ಪರಿವರ್ತನೆಯಿಲ್ಲದಿದ್ದರೆ ಬ್ಯಾಂಕಿನ ಮಾರ್ಕಪ್ ಎಲ್ಲಿ ಬಂತು, ಆ ಎರಡು ಪರ್ಸೆಂಟೂ ಉಳಿಯಿತಲ್ಲ! ಅಂದು ಪಕ್ಕದಲ್ಲಿದ್ದ ಹೆಂಡತಿಗೆ ಹೆಮ್ಮೆಯಿಂದ ಇದನ್ನು ವಿವರಿಸಿಯೂ ಇದ್ದೆ. ಪರಿವರ್ತನೆ ಆಗಿಯೇ ಇತ್ತು; ಅದನ್ನು ಮಾಡಿದ್ದು ನನ್ನ ಬ್ಯಾಂಕಲ್ಲ, ಆ ಮೆಷಿನ್ನಿನ ಹಿಂದಿದ್ದ ಕಂಪನಿ, ತನಗೆ ಬೇಕಾದ ದರದಲ್ಲಿ.

ಅಲ್ಲಿಯೇ ಓದುತ್ತಿದ್ದ ಅಕ್ಕನ ಮಗ ಸಂಜೆ ಚೀಟಿಯನ್ನು ನೋಡಿ, "ಮಾವ, ಯುರೋನೇ ಒತ್ತಬೇಕಿತ್ತಲ್ಲ" ಎಂದು ನಕ್ಕ. ಚೀಟಿಯ ತಳದಲ್ಲಿ, ನನಗೆ ಎರಡು ಕರೆನ್ಸಿಗಳ ಆಯ್ಕೆಯನ್ನು ನೀಡಲಾಗಿತ್ತು, ನಾನು ಆರಿಸಿಕೊಂಡದ್ದೇ ಅಂತಿಮ ಎಂಬ ಅರ್ಥದ ಒಕ್ಕಣೆಯೂ ಇತ್ತು. ಊರಿಗೆ ಮರಳಿ ಬ್ಯಾಂಕಿಗೆ ಫೋನ್ ಮಾಡಿದಾಗ ಅವರು ಆ ಒಕ್ಕಣೆಯನ್ನೇ ನನಗೆ ಓದಿ ಹೇಳಿದರು.

ಸ್ಟೇಟ್‌ಮೆಂಟಿನಲ್ಲಿ ಇನ್ನೊಂದು ಏಟು ಕಾದಿತ್ತು. 77,326ರ ಕೆಳಗೆ ಶೇ 1ರ ಮತ್ತೊಂದು ಶುಲ್ಕ, ಅದರ ಮೇಲೆ ಜಿಎಸ್‌ಟಿ, ಎರಡೂ ಸೇರಿ 912 ರೂಪಾಯಿ. ವ್ಯಾಪಾರಿ ವಿದೇಶದವನಾಗಿದ್ದು ಬಿಲ್ ಮಾತ್ರ ರೂಪಾಯಿಯಲ್ಲಿದ್ದರೆ ನಮ್ಮ ಹಲವು ಬ್ಯಾಂಕುಗಳು ಅದಕ್ಕೂ ಪ್ರತ್ಯೇಕ ಶುಲ್ಕ ಹಾಕುತ್ತವೆ ಎಂಬುದನ್ನು ನಾನು ಕಲಿತದ್ದು ಹೀಗೆ. (ಮುಂಬಯಿಯಲ್ಲಿ ಮನೆಯಲ್ಲೇ ಕುಳಿತು, ವಿದೇಶದಲ್ಲಿ ನೋಂದಾಯಿತವಾದ ವೆಬ್‌ಸೈಟಿಗೆ ರೂಪಾಯಿಯಲ್ಲಿ ಹಣ ಕೊಟ್ಟರೂ ಇದೇ ಶುಲ್ಕ ಬೀಳಬಹುದು.) ಒಟ್ಟು 78,238 ರೂಪಾಯಿ ಹೋಯಿತು. ಆ ದಿನ ವೀಸಾ, ಮಾಸ್ಟರ್‌ಕಾರ್ಡಿನಂಥ ಕಾರ್ಡ್ ಜಾಲದ ದರ ಯುರೋಗೆ ಸುಮಾರು 88.60 ಇತ್ತು. ಯುರೋ ಒತ್ತಿದ್ದರೆ 72,652ಕ್ಕೆ ಹೊಸ ಕಾರ್ಡಿನ ಶೇ 2.36 ಸೇರಿ 74,367ರಲ್ಲಿ ಮುಗಿಯುತ್ತಿತ್ತು. ನಾನು ತಿರಸ್ಕರಿಸಿ ಕಪಾಟಿನಲ್ಲಿಟ್ಟು ಬಂದಿದ್ದ ಹಳೆಯ ಕಾರ್ಡಿನಲ್ಲೇ ಯುರೋ ಒತ್ತಿದ್ದರೂ 75,653 ಆಗುತ್ತಿತ್ತು. ಕೆಟ್ಟ ಕಾರ್ಡು ಮತ್ತು ಸರಿಯಾದ ಬಟನ್ ಸೇರಿ, ಒಳ್ಳೆಯ ಕಾರ್ಡು ಮತ್ತು ತಪ್ಪು ಬಟನ್ನಿಗಿಂತ ಎರಡೂವರೆ ಸಾವಿರ ರೂಪಾಯಿ ಅಗ್ಗ.

ಆದ್ದರಿಂದಲೇ ನಿಮ್ಮ ಪ್ರಶ್ನೆಯ ತಳಹದಿಯನ್ನೇ ನಾನು ಒಪ್ಪುವುದಿಲ್ಲ. ಕಾರ್ಡಿನ ಹೆಸರನ್ನು ಹುಡುಕುತ್ತ ಕಳೆಯುವ ವಾರದಲ್ಲಿ ಐದು ನಿಮಿಷವನ್ನಾದರೂ ಡಿಸಿಸಿ, ಅಂದರೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್, ಎಂಬುದನ್ನು ತಿಳಿಯಲು ಕೊಡಿ. ನೀವು ಅಲ್ಲಿನ ಕರೆನ್ಸಿಯನ್ನು ಆರಿಸಿದರೆ ಪರಿವರ್ತನೆ ವೀಸಾ ಅಥವಾ ಮಾಸ್ಟರ್‌ಕಾರ್ಡಿನ ದರದಲ್ಲಿ ಆಗುತ್ತದೆ. ಆ ದರವನ್ನು ಅವರವರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು, ಅದು ಪೇಟೆಯ ದರಕ್ಕೆ ಬಹಳ ಹತ್ತಿರವಿರುತ್ತದೆ. ರೂಪಾಯಿಯನ್ನು ಆರಿಸಿದರೆ ದರವನ್ನು ನಿಗದಿ ಮಾಡುವವರು ಅಂಗಡಿಯ ಮೆಷಿನ್ ಒದಗಿಸಿದವರು, ಮತ್ತು ಹೆಚ್ಚುವರಿಯಲ್ಲಿ ಅಂಗಡಿಯವನಿಗೂ ಪಾಲಿರುತ್ತದೆ. ಈ ಪಾಲಿನ ಮಾತನ್ನು ನಾನು ಊಹಿಸಿ ಹೇಳುತ್ತಿಲ್ಲ. ಆ ಪ್ರವಾಸದಿಂದ ಮರಳಿದ ವರ್ಷವೇ ಮೆಷಿನ್ ಮಾರುವ ಹುಡುಗನೊಬ್ಬ ನಮ್ಮ ಗಲ್ಲೆಯ ಮುಂದೆ ಫಿಲ್ಟರ್ ಕಾಫಿ ಕುಡಿಯುತ್ತ, ವಿದೇಶಿ ಕಾರ್ಡು ಬಂದಾಗ ಗಿರಾಕಿಗೆ ಅವರ ಸ್ವಂತ ಕರೆನ್ಸಿಯನ್ನು ತೋರಿಸುವ ಸೌಲಭ್ಯವಿದೆ, ಅವರು ಅದನ್ನು ಒತ್ತಿದಷ್ಟೂ ನಿಮಗೆ ಲಾಭ ಎಂದು ವಿವರಿಸಿದ. ಇಡ್ಲಿ ತಿನ್ನಲು ನಮ್ಮಲ್ಲಿಗೆ ಬರುವ ವಿದೇಶಿಯರು ತಿಂಗಳಿಗೆ ಮೂರು ಜನ. ಬೇಡವೆಂದೆ, ಮೂವತ್ತು ಜನ ಬರುತ್ತಿದ್ದರೆ ಏನೆನ್ನುತ್ತಿದ್ದೆನೋ.

ಕಾರ್ಡಿನ ಮಟ್ಟಿಗೆ ನಿಮಗೆ ಬೇಕಾದ ಉತ್ತರ ಚಿಕ್ಕದು. ನಿಮ್ಮ ಒಟ್ಟು ವಿದೇಶಿ ಖರ್ಚನ್ನು ಅಂದಾಜು ಮಾಡಿ, ಮಾರ್ಕಪ್ಪಿನಲ್ಲಿ ಉಳಿಯುವ ಹಣ ಹೊಸ ಕಾರ್ಡಿನ ವಾರ್ಷಿಕ ಶುಲ್ಕಕ್ಕಿಂತ ಹೆಚ್ಚಾದರೆ ಮಾತ್ರ ತೆಗೆದುಕೊಳ್ಳಿ; ಒಂದು ಲಕ್ಷದ ಪ್ರವಾಸಕ್ಕೆ ಐದು ಸಾವಿರದ ಕಾರ್ಡ್ ಹುಚ್ಚುತನ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳು ಭಾರತದೊಳಗಿನ ಬಳಕೆಗೆ ಮಾತ್ರ ಸಿದ್ಧವಾಗಿ ಬರುವುದರಿಂದ, ವಿದೇಶಿ ಬಳಕೆಯನ್ನು ಆ್ಯಪಿನಲ್ಲಿ ನೀವೇ ಆನ್ ಮಾಡಿ, ಪಿನ್ ಕೂಡ ಹೊಂದಿಸಿಕೊಂಡು ಹೊರಡಿ.

ಹುಷಾರಾಗಿರಬೇಕಾದದ್ದು ಮಾಣಿ ನಿಮ್ಮ ಪರವಾಗಿ ಬಟನ್ ಒತ್ತುವ ಕಡೆಗಳಲ್ಲಿ. ವಿಯೆನ್ನಾದ ಬಳಿಕ ಪ್ರಾಗ್‌ನಲ್ಲಿ ಊಟ ಮಾಡಿ ಕಾರ್ಡ್ ಕೊಟ್ಟಾಗ, ನನ್ನನ್ನು ಕೇಳದೆಯೇ ಆತ ಏನನ್ನೋ ಒತ್ತಿ ಚೀಟಿ ಹರಿದುಕೊಟ್ಟ. ಅಲ್ಲಿನ ಕರೆನ್ಸಿಯಾದ ಕೊರುನಾ ಇರಬೇಕಾದಲ್ಲಿ ರೂಪಾಯಿ ಇತ್ತು. ಇಲ್ಲಿ ಮಾತ್ರ ಗಲ್ಲೆಯ ಅನುಭವ ಕೈಹಿಡಿಯಿತು. ರಾತ್ರಿ ಅಂಗಡಿ ಮುಚ್ಚುವಾಗ ದಿನದ ವಹಿವಾಟನ್ನು ಸೆಟಲ್ ಮಾಡುವವರೆಗೆ ಯಾವುದೇ ಸ್ವೈಪನ್ನು ವಾಯ್ಡ್, ಅಂದರೆ ರದ್ದು, ಮಾಡಬಹುದೆಂದು ನನಗೆ ಗೊತ್ತಿತ್ತು. ತಪ್ಪು ಮೊತ್ತ ಹೊಡೆದಾಗ ನಾನೇ ವಾರಕ್ಕೊಮ್ಮೆಯಾದರೂ ಮಾಡುತ್ತೇನೆ. "ವಾಯ್ಡ್ ಮಾಡಿ, ಕೊರುನಾದಲ್ಲಿ ಮತ್ತೆ ಹೊಡೆಯಿರಿ" ಎಂದು ಚೀಟಿಯನ್ನು ಮೇಜಿನ ಮೇಲಿಟ್ಟು ಕುಳಿತೆ. ಆಗುವುದಿಲ್ಲ ಎಂದ. ಕುಳಿತೇ ಇದ್ದೆ. ಮ್ಯಾನೇಜರ್ ಬಂದು ಎರಡು ನಿಮಿಷದಲ್ಲಿ ಮಾಡಿಕೊಟ್ಟ. ನೀವೂ ಚೀಟಿಯನ್ನು ಅಲ್ಲಿಯೇ ಓದಿ, ಏಳುವ ಮೊದಲೇ ಕೇಳಿ. ಅವರು ಒಪ್ಪದಿದ್ದರೆ, ಆಯ್ಕೆಯನ್ನೇ ಕೊಡಲಿಲ್ಲವೆಂದು ಚೀಟಿಯ ಮೇಲೆ ಬರೆದು ಫೋಟೋ ತೆಗೆದಿಟ್ಟುಕೊಳ್ಳಿ. ಕೇಳದೆ ಒತ್ತಿದ್ದರ ಬಗ್ಗೆ ಬ್ಯಾಂಕಿನಲ್ಲಿ ತಕರಾರು ದಾಖಲಿಸಲು ಅವಕಾಶವಿದೆ, ನನ್ನಂತೆ ಸ್ವಂತ ಬೆರಳಿನಿಂದ ಒತ್ತಿದ್ದರೆ ಇಲ್ಲ. ಹೋಟೆಲುಗಳಲ್ಲಿ ಚೆಕ್-ಇನ್ ಸಮಯದ ಡೆಪಾಸಿಟ್ಟಿಗೂ ಇದೇ ಪರದೆ ಬರಬಹುದು.

ನಗದು ಬೇಕಾದರೆ ಕ್ರೆಡಿಟ್ ಕಾರ್ಡನ್ನು ಎಟಿಎಂಗೆ ಹಾಕಲೇಬೇಡಿ. ಮಾರ್ಕಪ್ಪಿನ ಜೊತೆಗೆ ನಗದು ಪಡೆದ ಶುಲ್ಕ, ತೆಗೆದ ದಿನದಿಂದಲೇ ಬಡ್ಡಿ, ಎಲ್ಲವೂ ಒಟ್ಟಿಗೆ ಬೀಳುತ್ತವೆ. ನಾವು ಡೆಬಿಟ್ ಕಾರ್ಡನ್ನು ಬಳಸಿದೆವು. ಪ್ರಾಗ್‌ನ ಎಟಿಎಂ ನಮ್ಮ ಮುಂದೆ ಅದೇ ಆಟವನ್ನು ಇನ್ನಷ್ಟು ಹೆದರಿಸುವ ರೀತಿಯಲ್ಲಿ ಆಡಿತು: ರೂಪಾಯಿಯ ಲೆಕ್ಕವನ್ನು ತೋರಿಸಿ, ಬಲಗಡೆ ಹಸಿರಿನಲ್ಲಿ "ಪರಿವರ್ತನೆಯನ್ನು ಒಪ್ಪುತ್ತೇನೆ", ಎಡಗಡೆ ಕೆಂಪಿನಲ್ಲಿ "ನಿರಾಕರಿಸುತ್ತೇನೆ" ಎಂದಿತು. ನಿರಾಕರಿಸಿದರೆ ಹಣವೇ ಬರುವುದಿಲ್ಲ, ಕಾರ್ಡೂ ಒಳಗೇ ಉಳಿಯುತ್ತದೆ ಎಂದು ಹಿಂದೆ ನಿಂತಿದ್ದ ಗುಜರಾತಿ ದಂಪತಿ ಎಚ್ಚರಿಸಿದರು. ವಿಯೆನ್ನಾದಿಂದ ನನ್ನ ಬೆರಳಿನ ಮೇಲೆ ನಂಬಿಕೆ ಕಳೆದುಕೊಂಡಿದ್ದ ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿ ಕೆಂಪನ್ನು ಒತ್ತಿದಳು. ಒಂದು ಕ್ಷಣ ಗರಗರ ಸದ್ದಾಯಿತು, ಮೂರು ಸಾವಿರ ಕೊರುನಾ ಹೊರಬಂತು. ಗುಜರಾತಿ ದಂಪತಿಯೂ ಕೆಂಪನ್ನೇ ಒತ್ತಿದರು.