ನೆಟ್‌ವರ್ಕ್ ನೆಚ್ಚಲಾಗದ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಯೋಚಿಸುವಂಥ ಪಾಠ ಹೇಗೆ?

ತೀರ್ಥಹಳ್ಳಿ ಸೀಮೆಯ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೀರಿ, ತರಗತಿಯಲ್ಲಿ 60 ಜನ, ಹಳೆಯ ಪ್ರೊಜೆಕ್ಟರ್ ಒಂದಿದೆ, ಮಳೆ ಹಿಡಿದರೆ ಕರೆಂಟೂ ಇಲ್ಲ ಸಿಗ್ನಲ್ಲೂ ಇಲ್ಲ, ಸಿಕ್ಕಿರುವ ಅನುದಾನದಲ್ಲಿ ಸ್ಮಾರ್ಟ್ ಬೋರ್ಡ್ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಕೊಳ್ಳಬೇಡಿ. ಬೋರ್ಡು ಸ್ಮಾರ್ಟ್ ಆದರೂ ಬರೆಯುವವರು ನೀವೇ, ನೋಡುತ್ತ ಕೂರುವವರು ಅವರೇ. ನಿಮಗೆ ಮೊದಲು ಬೇಕಾದದ್ದು ಒಳ್ಳೆಯ ಪ್ರಶ್ನೆ, ಮತ್ತೆ ಅದಕ್ಕೆ ಅರವತ್ತೂ ಜನ ಒಂದೇ ಸಲ ಉತ್ತರ ತೋರಿಸುವ ಏರ್ಪಾಡು.

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ಶುರು ಮಾಡಿದ ‘ಪೀರ್ ಇನ್‌ಸ್ಟ್ರಕ್ಷನ್’, ಅಂದರೆ ಸಹಪಾಠಿಗಳೇ ಒಬ್ಬರಿಗೊಬ್ಬರು ಕಲಿಸುವ ವಿಧಾನ, ನಿಮ್ಮ ಪರಿಸ್ಥಿತಿಗೆ ಸರಿಯಾಗಿ ಒಗ್ಗುತ್ತದೆ. ಹದಿನೈದು ನಿಮಿಷ ಪಾಠ ಮಾಡಿ, ನಾಲ್ಕು ಆಯ್ಕೆಗಳ ಪ್ರಶ್ನೆಯೊಂದನ್ನು ಹಾಕಿ. ಒಂದು ನಿಮಿಷ ಯಾರೂ ಮಾತಾಡದೆ ಯೋಚಿಸಿ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಎ, ಬಿ, ಸಿ, ಡಿಗೆ ಒಂದೊಂದು ಬಣ್ಣದಂತೆ ಪ್ರತಿಯೊಬ್ಬರ ಬಳಿ ನಾಲ್ಕು ಕಾರ್ಡ್ ಇರಲಿ; ‘ತೋರಿಸಿ’ ಎಂದಾಗ ಎಲ್ಲರೂ ಒಟ್ಟಿಗೆ ತಮ್ಮ ಉತ್ತರದ ಕಾರ್ಡ್ ಎತ್ತಬೇಕು. ಸರಿ ಉತ್ತರ ಕೊಟ್ಟವರು ಶೇ. 30ಕ್ಕಿಂತ ಕಡಿಮೆಯಿದ್ದರೆ ವಿಷಯ ತಲುಪಿಲ್ಲ, ಬೇರೆ ಉದಾಹರಣೆ ಹಿಡಿದು ಮತ್ತೆ ಹೇಳಿ. ಶೇ. 70 ದಾಟಿದರೆ ಎರಡು ಮಾತಲ್ಲಿ ಕಾರಣ ಹೇಳಿ ಮುಂದೆ ಹೋಗಿ. ನಡುವೆ ಇದ್ದರೆ, ತನಗಿಂತ ಬೇರೆ ಉತ್ತರ ತೋರಿಸಿದವರನ್ನು ಹುಡುಕಿಕೊಂಡು ಎರಡು ಮೂರು ನಿಮಿಷ ವಾದಿಸಲಿ. ಆಮೇಲೆ ಇನ್ನೊಮ್ಮೆ ಕಾರ್ಡ್ ಎತ್ತಿಸಿ.

ಹೆಚ್ಚಿನ ಕಡೆ ಕೆಡುವುದು ಎರಡು ಸುತ್ತುಗಳ ನಡುವೆ. ‘ಬಿ ಅಂದವರೇ ಜಾಸ್ತಿ ಇದ್ದಾರೆ’ ಎಂದು ಬಾಯಿತಪ್ಪಿ ಹೇಳಿದರೂ ಸಾಕು, ಎರಡನೇ ಸುತ್ತಿನಲ್ಲಿ ಎಲ್ಲರೂ ಬಿ ಕಡೆ ವಾಲುತ್ತಾರೆ. ಎಷ್ಟು ಜನ ಏನಂದರು ಎನ್ನುವುದನ್ನು ಆಗ ಹೇಳಬೇಡಿ, ಮುಖದಲ್ಲೂ ತೋರಿಸಿಕೊಳ್ಳಬೇಡಿ. ಚರ್ಚೆ ಕನ್ನಡದಲ್ಲಿ ನಡೆಯಲಿ, ಪಠ್ಯ ಇಂಗ್ಲಿಷಿನಲ್ಲಿದ್ದರೂ. ಕೈ ಎತ್ತಿಸಬೇಡಿ, ಮುಂದಿನ ಬೆಂಚಿನ ಇಬ್ಬರ ಕೈ ನೋಡಿಕೊಂಡು ಉಳಿದ ಕೈಗಳು ಏಳುತ್ತವೆ.

ಇನ್ನು ಪ್ರಶ್ನೆ. ನಿಮ್ಮ ಶ್ರಮದ ಮುಕ್ಕಾಲು ಪಾಲು ಹೋಗಬೇಕಾದದ್ದು ಇಲ್ಲಿಗೆ. ಪೂರೈಕೆಯ ಸ್ಥಿತಿಸ್ಥಾಪಕತ್ವಕ್ಕೆ (ದರ ಬದಲಾದಾಗ ಪೂರೈಕೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ) ಹೀಗೊಂದು ಪ್ರಶ್ನೆ ಮಾಡಬಹುದು: ‘ಅಡಿಕೆ ದರ ಈ ತಿಂಗಳು ಶೇ. 20 ಏರಿದೆ. ಇದರಿಂದ ಈ ವರ್ಷ ತೋಟದ ಫಸಲು ಏನಾಗುತ್ತದೆ?’ ಎ: ಶೇ. 20 ಏರುತ್ತದೆ. ಬಿ: ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸಿ: ಇಳಿಯುತ್ತದೆ. ಡಿ: ಶೇ. 20ಕ್ಕಿಂತ ಹೆಚ್ಚು ಏರುತ್ತದೆ. ಸರಿಯುತ್ತರ ಬಿ, ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕಲ್ಲ. ತಪ್ಪು ಆಯ್ಕೆಗಳನ್ನು ಸುಮ್ಮನೆ ತುಂಬಿಸಿಲ್ಲ ಎನ್ನುವುದನ್ನು ಗಮನಿಸಿ. ಎ ಎಂದವರು ‘ದರ ಏರಿದರೆ ಪೂರೈಕೆ ಏರುತ್ತದೆ’ ಎಂಬ ನಿಯಮವನ್ನು ಅದೇ ಪ್ರಮಾಣದಲ್ಲಿ ಏರುತ್ತದೆ ಎಂದು ಓದಿಕೊಂಡಿದ್ದಾರೆ. ಸಿ ಎಂದವರು ಬೇಡಿಕೆಯ ನಿಯಮವನ್ನು ಇಲ್ಲಿಗೆ ತಂದಿದ್ದಾರೆ. ಯಾವ ಕಾರ್ಡು ಎಷ್ಟಿದೆ ಎಂದು ನೋಡಿದರೆ ಎಲ್ಲಿ ಎಡವಿದ್ದಾರೆ ಎಂಬುದು ನಿಮಗೆ ಗೊತ್ತಾಗಬೇಕು.

ಇದೇ ಪ್ರಶ್ನೆಯಲ್ಲಿ ‘ಫಸಲು’ ತೆಗೆದು ‘ಪೂರೈಕೆ’ ಎಂದು ಬರೆದರೆ ಕೆಲಸ ಕೆಟ್ಟಿತು. ತೋಟದ ಮನೆಯ ಮಕ್ಕಳು ಕೂಡಲೇ ಕೇಳುತ್ತಾರೆ: ಮಂಡಿಯಲ್ಲಿ ಇಟ್ಟಿರುವ ರಾಶಿ ಅಡಿಕೆ ಹೊರಗೆ ಬರುವುದಿಲ್ಲವೇ? ಇನ್ನೂ ಏರಲಿ ಎಂದು ಮಾಲು ತಡೆಹಿಡಿದರೆ ಸಿ ಸರಿಯಲ್ಲವೇ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಅವನ್ನು ಮುಂದಿನ ಪಾಠಕ್ಕೆ, ದಾಸ್ತಾನು ಮತ್ತು ದರದ ನಿರೀಕ್ಷೆಯ ವಿಷಯಕ್ಕೆ, ಒಂದೇ ಸರಿಯುತ್ತರವಿಲ್ಲದ ಚರ್ಚೆಯಾಗಿ ಎತ್ತಿಟ್ಟುಕೊಳ್ಳಿ. ಇಂಥ ಪ್ರಶ್ನೆ ಒಂದಕ್ಕೆ ಏಳೆಂಟು ನಿಮಿಷ ಹಿಡಿಯುತ್ತದೆ, ಹಾಗಾಗಿ ಒಂದು ತಾಸಿನ ಅವಧಿಯಲ್ಲಿ ಎರಡು, ಬಹಳವೆಂದರೆ ಮೂರು.

ಕಾರ್ಡಿಗೆ ನಾಲ್ಕು ಬಣ್ಣದ ದಪ್ಪ ಎ4 ಹಾಳೆ ತನ್ನಿ. ಒಂದು ಹಾಳೆಯಲ್ಲಿ ನಾಲ್ಕು ಕಾರ್ಡ್ ಬರುತ್ತವೆ, ಅಂದರೆ 60 ಜನರಿಗೆ ಬಣ್ಣಕ್ಕೆ 15 ಹಾಳೆ. ತೆಳು ಕಾಗದ ಆಷಾಢದ ಥಂಡಿಗೆ ಮೆತ್ತಗಾಗಿ ಬಾಗಿಬಿಡುತ್ತದೆ. ಕಾರ್ಡನ್ನು ತಲೆಯ ಮೇಲೆ ಎತ್ತದೆ ಎದೆಯ ಮುಂದೆ ಹಿಡಿಯಲಿ, ಆಗ ಉತ್ತರ ಹಿಂದಿನವರಿಗೆ ಕಾಣುವುದಿಲ್ಲ. ನೀವು ಒಂದೊಂದನ್ನೂ ಎಣಿಸಬೇಕಿಲ್ಲ, ಯಾವ ಬಣ್ಣ ಎಷ್ಟಿದೆ ಎಂದು ಒಂದು ನೋಟಕ್ಕೆ ಅಂದಾಜು ಸಿಕ್ಕರೆ ಸಾಕು.

ಯಾರು ಏನು ಉತ್ತರಿಸಿದರು ಎಂಬ ದಾಖಲೆಯೂ ಬೇಕೆಂದರೆ ‘ಪ್ಲಿಕರ್ಸ್’ ಎಂಬ ಆ್ಯಪ್ ಇದೆ. ಪ್ರತಿಯೊಬ್ಬರಿಗೂ ಒಂದೊಂದು ಮುದ್ರಿತ ಕಾರ್ಡ್. ಅದನ್ನು ತಿರುಗಿಸಿ ಹಿಡಿದಾಗ ಮೇಲಕ್ಕೆ ಬಂದ ಬದಿಯೇ ಉತ್ತರ. ನಿಮ್ಮ ಒಂದು ಫೋನಿನ ಕ್ಯಾಮೆರಾ ಇಡೀ ತರಗತಿಯನ್ನು ಓದಿಕೊಳ್ಳುತ್ತದೆ, ವಿದ್ಯಾರ್ಥಿಗಳ ಬಳಿ ಫೋನ್ ಬೇಡ. ದೊಡ್ಡ ಸೆಟ್ಟಿನಲ್ಲಿ 63 ಕಾರ್ಡ್ ಇರುವುದರಿಂದ ನಿಮಗೆ ಸಾಲುತ್ತದೆ. ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ, ಟ್ಯೂಬ್‌ಲೈಟ್ ಪ್ರತಿಫಲಿಸಿ ಕ್ಯಾಮೆರಾ ಓದುವುದಿಲ್ಲ. ಕಪ್ಪು ಗುರುತಿನ ಮೇಲೆ ಬೆರಳು ಬಂದರೂ ಹಾಗೇ. ನಿಮ್ಮ ಕೊಠಡಿಯಲ್ಲಿ ಸಿಗ್ನಲ್ ಪೂರಾ ಇಲ್ಲದಿದ್ದರೆ ಬಣ್ಣದ ಕಾರ್ಡೇ ವಾಸಿ.

ಪಾಠ ಮುಗಿಯುವುದಿಲ್ಲವಲ್ಲ ಎನ್ನುತ್ತೀರಿ. ವ್ಯಾಖ್ಯೆ, ವಿಂಗಡಣೆ, ಪಟ್ಟಿಗಳನ್ನು ತರಗತಿಯಿಂದ ಹೊರಗೆ ಹಾಕಿ. ಎರಡು ಪುಟದ ನೋಟ್ಸ್, ಜೊತೆಗೆ ಹತ್ತು ನಿಮಿಷದ ಧ್ವನಿಮುದ್ರಣ ಸಾಕು. 32 ಕೆಬಿಪಿಎಸ್ (ಸೆಕೆಂಡಿಗೆ 32 ಕಿಲೋಬಿಟ್) ಮೋನೋದಲ್ಲಿ ಉಳಿಸಿದರೆ ಅದು ಸುಮಾರು 2.4 ಎಂಬಿ ಆಗುತ್ತದೆ, ವಾಟ್ಸಾಪ್‌ನಲ್ಲಿ ಕುಂಟುವ ಸಿಗ್ನಲ್ಲಿಗೂ ಇಳಿಯುತ್ತದೆ. ಸ್ಲೈಡ್ ಸಹಿತ ವಿಡಿಯೋವನ್ನು 480ಪಿ, ಒಟ್ಟು 200 ಕೆಬಿಪಿಎಸ್‌ಗೆ ಇಳಿಸಿದರೆ ಹತ್ತು ನಿಮಿಷಕ್ಕೆ 15 ಎಂಬಿ. ಸಂಜೆ ಬಸ್ಸಿಗೆ ಹೊರಡುವ ಮುಂಚೆ ಕಾಲೇಜಿನಲ್ಲೇ ಇಳಿಸಿಕೊಳ್ಳಲಿ. ಹಳ್ಳಿ ಮುಟ್ಟಿದ ಮೇಲೆ ಗುಡ್ಡ ಹತ್ತಿ ಡೌನ್‌ಲೋಡ್ ಮಾಡುವಂತಾಗಬಾರದು.

ಅನುದಾನವನ್ನು ಇನ್ವರ್ಟರಿಗೆ ಹಾಕಿ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1800 ವ್ಯಾಟ್‌ಅವರ್ ಇರುತ್ತದೆ. ಬ್ಯಾಟರಿ ಬಾಳಿಕೆ ಬರಲು ಅರ್ಧದಷ್ಟೇ ಬಳಸಿದರೂ, ಇನ್ವರ್ಟರಿನಲ್ಲಿ ಆಗುವ ನಷ್ಟ ಕಳೆದು, 300 ವ್ಯಾಟಿನ ಪ್ರೊಜೆಕ್ಟರು ಸುಮಾರು ಎರಡೂವರೆ ತಾಸು ನಡೆಯುತ್ತದೆ. ಲ್ಯಾಂಪ್ ಇರುವ ಪ್ರೊಜೆಕ್ಟರಿನಲ್ಲಿ ಕರೆಂಟ್ ಹಠಾತ್ತನೆ ಹೋದರೆ ಫ್ಯಾನ್ ನಿಂತು ಲ್ಯಾಂಪಿನ ಬಿಸಿ ಒಳಗೇ ಉಳಿಯುತ್ತದೆ, ಆಯುಸ್ಸು ಕಡಿಮೆಯಾಗುತ್ತದೆ. ಆ ಕಾರಣಕ್ಕಾದರೂ ಇನ್ವರ್ಟರ್ ಬೇಕು.

ಮೊದಲ ವಾರಗಳಲ್ಲಿ ‘ಸರಿಯಾಗಿ ಪಾಠ ಮಾಡುತ್ತಿಲ್ಲ’ ಎಂಬ ದೂರು ಬರುವ ಸಾಧ್ಯತೆ ಹೆಚ್ಚು. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಟುವಟಿಕೆಯ ತರಗತಿಯಲ್ಲಿ ಕೂತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದೂ ತಾವು ಕಲಿತದ್ದು ಕಡಿಮೆ ಎಂದುಕೊಂಡಿದ್ದರು. ತಲೆಗೆ ಶ್ರಮವಾದಾಗ ಹಾಗನ್ನಿಸುತ್ತದೆ ಎಂದು ಮೊದಲ ದಿನವೇ ಹೇಳಿಬಿಡಿ. ಪ್ರಾಂಶುಪಾಲರು ಆಧಾರ ಕೇಳಿದರೆ 2014ರ ಇನ್ನೊಂದು ವಿಶ್ಲೇಷಣೆ ಇದೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಬರೀ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರಾದವರು ಸುಮಾರು ಶೇ. 34, ಚಟುವಟಿಕೆ ಇದ್ದಲ್ಲಿ ಶೇ. 22.

ಕಾರ್ಡಿನ ಸರಿಯುತ್ತರಕ್ಕೆ ಆಂತರಿಕ ಅಂಕ ಕೊಡಬೇಡಿ. ಕೊಟ್ಟರೆ ಎಲ್ಲರೂ ರ‍್ಯಾಂಕ್ ಬರುವವರ ಉತ್ತರ ಹಿಡಿಯುತ್ತಾರೆ, ವಾದವೇ ಹುಟ್ಟುವುದಿಲ್ಲ. ಭಾಗವಹಿಸಿದ್ದಕ್ಕೆ ಒಂದೆರಡು ಅಂಕ ಇರಲಿ. ಪ್ರತಿ ಪ್ರಶ್ನೆಯ ಎದುರು ಮೊದಲ ಸುತ್ತು ಎಷ್ಟು, ಎರಡನೇ ಸುತ್ತು ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಚರ್ಚೆಯ ನಂತರವೂ ಅಂಕಿ ಕದಲದ ಪ್ರಶ್ನೆಗಳನ್ನು ಮುಂದಿನ ವರ್ಷದೊಳಗೆ ತಿದ್ದಿ ಬರೆಯಿರಿ.