“ಆಗ ನನಗೆ ಮೂರಾಗುತ್ತಿತ್ತಲ್ಲ?”

ಒಡಹುಟ್ಟಿದವರ ಜಗಳವನ್ನೆಲ್ಲ ‘ಹೊಟ್ಟೆಕಿಚ್ಚು’ ಎಂದು ಕರೆದು, ದೊಡ್ಡ ಮಗುವನ್ನು ತಿದ್ದಿಕೊಡಿ ಎಂದು ಕೇಳುವ ಪೋಷಕರು ನನ್ನ ಬಳಿ ಮತ್ತೆ ಮತ್ತೆ ಬರುತ್ತಾರೆ. ಅಂಥವರಿಗಾಗಿಯೇ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಹುಡುಗಿಗೆ ಏಳು ವರ್ಷ, ತಮ್ಮನಿಗೆ ನಾಲ್ಕು. ಡಬ್ಬಿಯಲ್ಲಿ ಉಳಿದಿದ್ದ ಐದು ಕೊಬ್ಬರಿ ಮಿಠಾಯಿಗಳಲ್ಲಿ ಅಜ್ಜಿ ಮೂರನ್ನು ಮೊಮ್ಮಗನಿಗೂ ಎರಡನ್ನು ಮೊಮ್ಮಗಳಿಗೂ ಕೊಟ್ಟಿದ್ದರು. ಹುಡುಗಿ ತಮ್ಮನ ತಟ್ಟೆಯಿಂದ ಒಂದನ್ನು ಕಿತ್ತುಕೊಂಡು, ಪಾತ್ರೆ ತೊಳೆಯುವ ಸಿಂಕಿಗೆ ಹಾಕಿ, ಅದು ಕರಗುವವರೆಗೂ ನಲ್ಲಿ ಬಿಟ್ಟುಕೊಂಡು ನಿಂತಿದ್ದಳಂತೆ. “ತಾನೂ ತಿನ್ನಲಿಲ್ಲ, ಅವನಿಗೂ ತಿನ್ನಗೊಡಲಿಲ್ಲ, ಈ ವಯಸ್ಸಿಗೇ ಇಂಥ ಬುದ್ಧಿ” ಎಂದು ತಾಯಿ ಕಣ್ಣೊರೆಸಿಕೊಂಡರು.

ಮೊದಲ ಭೇಟಿಯಲ್ಲಿ ಮಗು ಬಾಯಿ ಬಿಡಲಿಲ್ಲ. ಎರಡನೆಯ ಭೇಟಿಯಲ್ಲಿ, ತಾಯಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, “ಆ ಮಿಠಾಯಿಯನ್ನು ನೀನೇ ತಿಂದುಬಿಡಬಹುದಿತ್ತಲ್ಲ ಪುಟ್ಟಿ?” ಎಂದು ಕೇಳಿದೆ. ನನಗೆ ಲೆಕ್ಕವೇ ಬಾರದೇನೋ ಎಂಬಂತೆ ಅವಳು ನನ್ನನ್ನು ನೋಡಿ, “ಆಗ ನನಗೆ ಮೂರಾಗುತ್ತಿತ್ತಲ್ಲ?” ಎಂದಳು. ಬೆರಳು ಮಡಿಸಿ ತೋರಿಸಿದಳು: ಈಗ ಅವನಿಗೆ ಎರಡು, ನನಗೆ ಎರಡು. ತಾಯಿ ತುಂಬ ಹೊತ್ತು ಮಾತನಾಡಲಿಲ್ಲ. ಹೊಟ್ಟೆಕಿಚ್ಚಾಗಿದ್ದರೆ ಆ ಮಿಠಾಯಿ ಅವಳ ಬಾಯಿಗೆ ಹೋಗುತ್ತಿತ್ತು, ಸಿಂಕಿಗಲ್ಲ.

ಭಾರತವೂ ಸೇರಿದಂತೆ ಏಳು ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಮಗೆ ಕಡಿಮೆ ಬಂದಾಗ ಇಬ್ಬರಿಗೂ ಏನೂ ಸಿಗದಿದ್ದರೂ ಸರಿ ಎಂದು ಹಂಚಿಕೆಯನ್ನೇ ನಿರಾಕರಿಸುವ ಮಕ್ಕಳು ಎಲ್ಲ ಕಡೆಯೂ ಕಂಡುಬಂದರು. ತಮಗೇ ಹೆಚ್ಚು ಬಂದಾಗಲೂ ಹಾಗೆ ನಿರಾಕರಿಸುವ ಪ್ರವೃತ್ತಿ ಮೂರು ದೇಶಗಳಲ್ಲಿ ಮಾತ್ರ, ಅದೂ ವಯಸ್ಸು ಸ್ವಲ್ಪ ಬಲಿತ ಮೇಲೆ, ಕಾಣಿಸಿತು. ಅಷ್ಟು ನಿಧಾನವಾಗಿ ಮೂಡುವ ಗುಣವೊಂದು ಈ ಮಗುವಿನಲ್ಲಿ ಆಗಲೇ ಮೊಳೆತಿತ್ತು, ಮನೆಯವರು ಅದಕ್ಕೇ ಕ್ಷಮೆ ಕೇಳಿಸಲು ಹೊರಟಿದ್ದರು.

ಕ್ಷಮೆ ಕೇಳಿಸುವುದನ್ನು ಕೈಬಿಡಿ ಎಂದೆ. ತಮ್ಮನ ತಟ್ಟೆಗೆ ಕೈ ಹಾಕಿದ್ದು ತಪ್ಪೆಂದು ಹೇಳಿ, ಆದರೆ ಅವಳ ಲೆಕ್ಕ ಸರಿಯಾಗಿತ್ತೆಂಬುದನ್ನೂ ಅದೇ ಉಸಿರಿನಲ್ಲಿ ಒಪ್ಪಿಕೊಳ್ಳಿ ಎಂದೆ. “ನೀನು ದೊಡ್ಡವಳು, ಬಿಟ್ಟುಕೊಡು” ಎಂಬ ಮಾತನ್ನು ಸ್ವಲ್ಪ ಕಾಲ ಯಾರೂ ಆಡಬಾರದು. ಸಮವಾಗಿ ಹಂಚಲಾಗದ್ದು ಉಳಿದರೆ ಚೀಟಿ ಎತ್ತಿಸಬೇಕು. “ಹಾಗಾದರೆ ಮನೆಯಲ್ಲಿ ತಕ್ಕಡಿ ಇಟ್ಟುಕೊಳ್ಳಬೇಕೇ ಮೇಡಂ?” ಎಂದು ತಂದೆ ಕೇಳಿದರು. ಮಗುವನ್ನು ನಾನು ತಲೆಗೇರಿಸುತ್ತಿದ್ದೇನೆ ಎಂಬ ಆಕ್ಷೇಪ ನನಗೆ ಹೊಸತಲ್ಲ. ಹುಷಾರಿಲ್ಲದ ತಮ್ಮನಿಗೆ ಹೆಚ್ಚು ಹೊತ್ತು ಮೀಸಲಿಟ್ಟರೆ ಏಳು ವರ್ಷದ ಮಗು ಸಹಿಸುತ್ತದೆ, ಏಕೆಂದರೆ ಅದರ ಕಾರಣ ಅದಕ್ಕೆ ಕಾಣುತ್ತದೆ. ಮಿಠಾಯಿಯ ಹಂಚಿಕೆಯಲ್ಲಿ ಅವಳಿಗೆ ಕಂಡ ಕಾರಣವೇನೆಂದು ನಾನು ಅವರನ್ನೇ ಕೇಳಿದೆ. ‘ಅವನು ಗಂಡುಹುಡುಗ’ ಎಂದು ಅಜ್ಜಿ ಆಗಾಗ ಹೇಳುವುದುಂಟೆಂದು ತಾಯಿ ತಲೆ ತಗ್ಗಿಸಿಯೇ ಹೇಳಿದರು. ತಕ್ಕಡಿಯ ಮಾತು ಅಲ್ಲಿಗೆ ನಿಂತಿತು.

ಅಜ್ಜಿ ಕೊನೆಗೂ ನನ್ನ ಕೋಣೆಗೆ ಬರಲಿಲ್ಲ. ಮೂರು ವಾರಗಳ ನಂತರ ಹುಡುಗಿ ಬಂದಾಗ, ಹೋಳಿಗೆ ಒಂದೇ ಉಳಿದಿತ್ತೆಂದೂ ಚೀಟಿಯಲ್ಲಿ ಅದು ತಮ್ಮನಿಗೇ ಬಂತೆಂದೂ ಹೇಳಿದಳು. ಬೇಸರವಾಯಿತೇ ಎಂದೆ. “ಸ್ವಲ್ಪ” ಎಂದಳು, “ಆದರೆ ಚೀಟಿ ಬರೆದವಳು ನಾನೇ.”