ಮಧ್ಯಾಹ್ನ ಏರುವ ಶುಗರ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಬದಿಯಡ್ಕ ಕಡೆಯ ಅಡಿಕೆ ಕೃಷಿಕರು, ಎಪ್ಪತ್ತು ದಾಟಿದವರು. ಜೊತೆಗೆ ಹೆಂಡತಿ, ಸೊಸೆ. "ಇವಳು ಚಾಕ್ಕೆ ಸಕ್ಕರೆ ಸುರಿದೇ ಹೀಗಾದದ್ದು" ಎಂದು ಅತ್ತೆ ಶುರು ಮಾಡಿದರು. ಡಬ್ಬಿಯನ್ನೇ ಅಡಗಿಸಿಟ್ಟಿದ್ದರಂತೆ. ಸೊಸೆ ಮಾತಾಡದೆ, ಶುಗರ್ ಬರೆದಿಟ್ಟ ಪುಸ್ತಕ ಮುಂದಿಟ್ಟರು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 105, 110. ಮಧ್ಯಾಹ್ನ ಊಟವಾದ ಮೇಲೆ 280. ಅಡುಗೆಮನೆಯ ಜಗಳಕ್ಕೆ ಅಷ್ಟರಲ್ಲೇ ಉತ್ತರ ಸಿಕ್ಕಿತು. ಮಳೆಗಾಲದಲ್ಲಿ ಉಬ್ಬಸ ಜೋರಾಗಿ ಮಂಗಳೂರಿನ ವೈದ್ಯರು ಪ್ರೆಡ್ನಿಸೊಲೋನ್ ಕೊಟ್ಟಿದ್ದರು, ಬೆಳಿಗ್ಗೆ ತಿಂಡಿಯ ನಂತರ. ಈ ಸ್ಟಿರಾಯ್ಡ್‌ನಿಂದ ಯಕೃತ್ತು ಹೆಚ್ಚು ಗ್ಲೂಕೋಸ್ ಬಿಡುತ್ತದೆ, ಇನ್ಸುಲಿನ್ನಿಗೆ ಸ್ನಾಯುಗಳು ಸರಿಯಾಗಿ ಸ್ಪಂದಿಸುವುದಿಲ್ಲ. ಬೆಳಿಗ್ಗೆ ನುಂಗಿದರೆ ಶುಗರ್ ಮಧ್ಯಾಹ್ನದಿಂದ ಏರಿ, ಬೆಳಗಾಗುವಾಗ ಇಳಿದಿರುತ್ತದೆ. ಬೆಳಗಿನ ಪರೀಕ್ಷೆಯೊಂದನ್ನೇ ನೆಚ್ಚಿಕೊಂಡರೆ ತಿಳಿಯುವುದಿಲ್ಲ. ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಜೈಡ್ ಇತ್ತು. ಅದೂ ತುಸು ಏರಿಸಬಲ್ಲದು, ಆದರೆ ಇಲ್ಲಿ ನನ್ನ ಅನುಮಾನ ಸ್ಟಿರಾಯ್ಡ್ ಮೇಲೆಯೇ.

"ಹಾಗಾದರೆ ನಾಳೆಯಿಂದಲೇ ಬಿಡ್ತೇನೆ" ಎಂದರು ಯಜಮಾನರು. ಬೇಡವೇ ಬೇಡ ಎಂದೆ. ವಾರಗಟ್ಟಲೆ ತೆಗೆದುಕೊಂಡ ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದು.

ನನಗೆ ಹೆದರಿಕೆಯಾದದ್ದು ಬೇರೆ ವಿಷಯಕ್ಕೆ. ಶುಗರಿಗೆ ಗ್ಲಿಮೆಪಿರೈಡ್ ಬರೆದವರು ಕಾಸರಗೋಡಿನ ವೈದ್ಯರು. ಮಂಗಳೂರಿನವರು ಸ್ಟಿರಾಯ್ಡನ್ನು ಅರ್ಧಕ್ಕೆ ಇಳಿಸಿದ್ದು ಅವರಿಗೆ ಗೊತ್ತಿಲ್ಲ. ಶುಗರಿನ ಮಾತ್ರೆ ಮಾತ್ರ ಮೊದಲಿನಷ್ಟೇ. ಈಚೆಗೆ ನಸುಕಿನಲ್ಲಿ ಮೈಯೆಲ್ಲ ಬೆವರು, ಮಾತು ತೊದಲು. ಮನೆಯವರು ಅದನ್ನು ನಿಶ್ಶಕ್ತಿ ಎಂದುಕೊಂಡಿದ್ದರು. ಶುಗರ್ ತೀರಾ ಇಳಿದಾಗಲೂ ಹೀಗಾಗುತ್ತದೆ. ಯಜಮಾನರು ಎದೆಬಡಿತ ನಿಧಾನಿಸುವ ಮೆಟೊಪ್ರೊಲಾಲ್ ಮಾತ್ರೆ ಕೂಡ ತೆಗೆದುಕೊಳ್ಳುತ್ತಿದ್ದರು. ಅದು ನಡುಕವನ್ನೂ ಎದೆಬಡಿತವನ್ನೂ ಮರೆಮಾಚುತ್ತದೆ, ಬೆವರನ್ನು ಮಾತ್ರ ಮರೆಮಾಚುವುದಿಲ್ಲ.

ಎಲ್ಲ ಮಾತ್ರೆಗಳನ್ನೂ, ಗಂಟುನೋವಿಗೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿಯನ್ನೂ, ಒಂದೇ ಚೀಲದಲ್ಲಿ ಹಾಕಿ ಇವತ್ತೇ ಕಾಸರಗೋಡಿನ ವೈದ್ಯರಿಗೆ ತೋರಿಸಿ ಎಂದೆ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ಸ್ಟಿರಾಯ್ಡ್ ಇಳಿಸಿದಾಗಲೆಲ್ಲ ಶುಗರಿನ ಮಾತ್ರೆ ಎಷ್ಟಿರಬೇಕೆಂದು ಕೇಳಿಕೊಳ್ಳಲೇಬೇಕು. ಬೆವರಿದ ಕೂಡಲೇ ಪರೀಕ್ಷಿಸಿ, 70ಕ್ಕಿಂತ ಕಡಿಮೆಯಿದ್ದರೆ ಮೂರು ಚಾ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಡಬ್ಬಿಯನ್ನು ಕೈಗೆಟಕುವಲ್ಲಿಡಿ ಎಂದು ಅತ್ತೆಗೇ ಹೇಳಿದೆ.

ವೈದ್ಯರು ಗ್ಲಿಮೆಪಿರೈಡ್ ಇಳಿಸಿದರು, ನಸುಕಿನ ಬೆವರು ನಿಂತಿತು. ಸ್ಟಿರಾಯ್ಡ್ ನಿಂತ ಮೇಲೂ ಕೆಲವರಲ್ಲಿ ಡಯಾಬಿಟಿಸ್ ಉಳಿದುಬಿಡುತ್ತದೆ. ಇವರದ್ದು ಆ ಬಗೆಯದೋ ಎಂದು ನೋಡಲು, ಸ್ಟಿರಾಯ್ಡ್ ಮುಗಿದು ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಮಾಡಿಸಬೇಕಿದೆ.